ಭಾಷಾ ಸಂದೇಹ: ಜಿ ಮತ್ತು ಎಚ್ ಜೊತೆಯಾದಾಗ

ಇಂಗ್ಲಿಷಿನ ಮೌನಾಕ್ಷರಗಳ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳುಹಿಸಿದ ಪತ್ರಗಳಲ್ಲಿ ಹೆಚ್ಚಿನವು ಜಿ ಮತ್ತು ಎಚ್ ಎಂಬ ಎರಡು ಅಕ್ಷರಗಳು ಒಟ್ಟಿಗೆ ಬರುವ ಶಬ್ದಗಳನ್ನೇ ಕುರಿತಿವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಜೋಡಿಗೇ ಮೀಸಲಿಟ್ಟಿದ್ದೇವೆ. ಶಬ್ದಗಳನ್ನು ಅವುಗಳ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟು, ಅಗತ್ಯವಿದ್ದಲ್ಲಿ ಅರ್ಥವನ್ನೂ ಹೇಳಿದ್ದೇವೆ. ಪಕ್ಕದಲ್ಲಿ ಒಂದು ಹಾಳೆಯಿಟ್ಟುಕೊಂಡು ಆ ಶಬ್ದಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತ ಓದಿದರೆ ಅನುಕೂಲವಾಗುತ್ತದೆ.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮದ ಪ್ರೌಢಶಾಲೆ. ಎಂಟನೆಯ ತರಗತಿಯ ಮಕ್ಕಳು ‘ಟಫ್’ ಎಂಬ ಶಬ್ದವನ್ನು ಓದಲು ಕಲಿತ ಮೇಲೆ ‘ದೋ’ ಎಂಬುದನ್ನು ‘ದಫ್’ ಎಂದೂ ‘ಥ್ರೂ’ ಎಂಬುದನ್ನು ‘ಥ್ರಫ್’ ಎಂದೂ ಓದುತ್ತಾರೆ. ಓ, ಯು, ಜಿ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳಿಗೆ ಇಷ್ಟು ಬಗೆಯ ಉಚ್ಚಾರಣೆ ಏಕೆ? ಮಕ್ಕಳಿಗೆ ಹೇಳಿಕೊಡಬಹುದಾದ ನಿಯಮವೇನಾದರೂ ಇದೆಯೇ? (ಒಬ್ಬ ಶಿಕ್ಷಕಿ, ಹಾಸನ)

ಉತ್ತರ: ಮೊದಲಿಗೆ, ನಿಮ್ಮ ಮಕ್ಕಳು ಸರಿಯಾದ ದಾರಿಯಲ್ಲೇ ಯೋಚಿಸುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಒಂದು ಶಬ್ದದಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಅನ್ವಯಿಸುವುದು ಕನ್ನಡ ಓದಿ ಬಂದ ಮಗುವಿಗೆ ಸಹಜ. ಕನ್ನಡದಲ್ಲಿ ಆ ಕ್ರಮ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಇಲ್ಲಿ ತೊಡಕು ಇರುವುದು ಆ ನಾಲ್ಕು ಅಕ್ಷರಗಳ ಚರಿತ್ರೆಯಲ್ಲಿ.

ಆ ನಾಲ್ಕು ಅಕ್ಷರಗಳು ‘ಆದರೂ’ ಎಂಬ ಅರ್ಥದ ದೋ ಮತ್ತು ಕಲಸಿದ ಹಿಟ್ಟೆಂಬ ಅರ್ಥದ ಡೋ ಶಬ್ದಗಳಲ್ಲಿ ಓಕಾರವಾಗುತ್ತವೆ. ‘ಮೂಲಕ’ ಎಂಬ ಅರ್ಥದ ಥ್ರೂದಲ್ಲಿ ಊಕಾರ, ಕೊಂಬೆಯ ಬೌ ಮತ್ತು ನೇಗಿಲಿನ ಪ್ಲೌಗಳಲ್ಲಿ ಔಕಾರ, ‘ಕೂಲಂಕಷ’ ಎಂಬ ಅರ್ಥದ ಥರದಲ್ಲಿ ಕೊನೆಯ ಸಣ್ಣ ಅಕಾರ. ರಫ್, ಟಫ್, ಇನಫ್‌ಗಳಲ್ಲಿ ‘ಅಫ್’ ಎಂದೂ, ಕೆಮ್ಮಿನ ಕಾಫ್ ಮತ್ತು ದನಗಳ ನೀರಿನ ತೊಟ್ಟಿಯೆಂಬ ಅರ್ಥದ ಟ್ರಾಫ್‌ನಲ್ಲಿ ‘ಆಫ್’ ಎಂದೂ, ಥಾಟ್, ಬಾಟ್, ಬ್ರಾಟ್‌ಗಳಲ್ಲಿ ಆಕಾರ ಓಕಾರಗಳ ನಡುವಿನ ಒಂದು ದೀರ್ಘ ಸ್ವರವಾಗಿಯೂ ಅವು ಕೇಳಿಸುತ್ತವೆ. ಬಿಕ್ಕಳಿಕೆಯೆಂಬ ಅರ್ಥದ ಹಿಕಪ್ ಶಬ್ದವನ್ನು ಕೆಲವರು ಇದೇ ನಾಲ್ಕು ಅಕ್ಷರ ಹಾಕಿ ಬರೆಯುವುದುಂಟು. ಅದು ಕೆಮ್ಮಿನ ಶಬ್ದದೊಂದಿಗೆ ನಂಟಿದೆಯೆಂದು ತಪ್ಪಾಗಿ ಭಾವಿಸಿದ್ದರಿಂದ ಹುಟ್ಟಿದ ಬರಹ. ಅದನ್ನು ಮಕ್ಕಳಿಗೆ ಕಲಿಸಬೇಕಾಗಿಲ್ಲ.

ಈಗ ಕಾರಣಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ನಾಲಗೆಯ ಹಿಂಭಾಗವನ್ನು ಮೇಲೆತ್ತಿ, ಗಂಟಲ ಬಳಿ ಗಾಳಿಯನ್ನು ಉಜ್ಜಿ ಹೊರಡಿಸುವ ಒಂದು ವ್ಯಂಜನವಿತ್ತು. ಕನ್ನಡದಲ್ಲಿ ಅದಿಲ್ಲ. ‘ಖ್’ ಮತ್ತು ‘ಹ್’ ಎರಡರ ನಡುವಿನ ಕರ್ಕಶವಾದ ಉಸಿರು ಎಂದು ಅದನ್ನು ಊಹಿಸಿಕೊಳ್ಳಬಹುದು. ಜರ್ಮನ್ ಭಾಷೆಯಲ್ಲಿ ಅದು ಇಂದಿಗೂ ಜೀವಂತವಾಗಿದೆ, ಸ್ಕಾಟ್ಲೆಂಡಿನವರು ಸರೋವರವನ್ನು ‘ಲಾಖ್’ ಎನ್ನುವಾಗಲೂ ಕೇಳಿಸುತ್ತದೆ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಲಿಪಿಕಾರರ ಬರವಣಿಗೆಯ ರೂಢಿಗಳು ಬದಲಾದವು, ಮುಂದಿನ ಶತಮಾನಗಳಲ್ಲಿ ಈ ಧ್ವನಿಗೆ ಜಿ ಮತ್ತು ಎಚ್ ಜೋಡಿಸಿ ಬರೆಯುವ ಪದ್ಧತಿ ನೆಲೆಗೊಂಡಿತು. ಹಾಗೆ ಬರೆದ ಕಾಲದಲ್ಲಿ ಅದು ವ್ಯರ್ಥವಾದ ಅಕ್ಷರವಾಗಿರಲಿಲ್ಲ, ಬಾಯಲ್ಲಿ ಆಡುತ್ತಿದ್ದ ಧ್ವನಿಯೇ ಆಗಿತ್ತು.

ಆಮೇಲೆ, ಸ್ಥೂಲವಾಗಿ ಹದಿನೈದರಿಂದ ಹದಿನೇಳನೆಯ ಶತಮಾನದ ನಡುವೆ, ಆ ಧ್ವನಿ ಇಂಗ್ಲಿಷರ ನಾಲಗೆಯಿಂದ ಜಾರಿಹೋಯಿತು. ಬಹುಪಾಲು ಶಬ್ದಗಳಲ್ಲಿ ಅದು ಸುಮ್ಮನೆ ಅಳಿಯಿತು. ಕೆಲವು ಶಬ್ದಗಳಲ್ಲಿ ಮಾತ್ರ, ಹಿಂದಿನ ಸ್ವರವನ್ನಾಡುವಾಗ ತುಟಿಗಳು ದುಂಡಗಾಗುತ್ತಿದ್ದ ಕಾರಣ, ಗಂಟಲಿನ ಆ ಉಜ್ಜುವಿಕೆ ತುಟಿಗೆ ಸ್ಥಳಾಂತರಗೊಂಡು ‘ಫ್’ ಆಯಿತು. ಊರಿಂದ ಊರಿಗೆ ಈ ಬದಲಾವಣೆ ಬೇರೆ ಬೇರೆಯಾಗಿ ನಡೆದಿತ್ತು. ಮಗಳೆಂಬ ಅರ್ಥದ ಶಬ್ದವನ್ನು ‘ಡಾಫ್ಟರ್’ ಎನ್ನುತ್ತಿದ್ದ ಪ್ರಾಂತಗಳೂ ಇದ್ದವು. ಶಿಷ್ಟ ಭಾಷೆ ಒಂದು ಶಬ್ದಕ್ಕೆ ಒಂದು ಪ್ರಾಂತದ ರೂಪವನ್ನೂ ಇನ್ನೊಂದಕ್ಕೆ ಇನ್ನೊಂದು ಪ್ರಾಂತದ ರೂಪವನ್ನೂ ಉಳಿಸಿಕೊಂಡಿತು. ಇದೇ ಹೊತ್ತಿನಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಒಂದೊಂದಾಗಿ ಸ್ಥಾನ ಪಲ್ಲಟಗೊಳ್ಳುತ್ತಿದ್ದವು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದದ್ದೂ ಆಗಲೇ. ಉಚ್ಚಾರಣೆ ಇನ್ನೂ ಹರಿಯುತ್ತಿರುವಾಗ ಅಚ್ಚಿನ ಮೊಳೆಗಳು ಬರಹವನ್ನು ನಿಲ್ಲಿಸಲು ತೊಡಗಿದವು.

ಇನ್ನು ನಿಮಗೆ ಬೇಕಾದ ನಿಯಮ. ನನ್ನ ದೃಷ್ಟಿಯಲ್ಲಿ ತರಗತಿಯಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು: ದಿನಬಳಕೆಯ ಇಂಗ್ಲಿಷಿನಲ್ಲಿ ಈ ಜೋಡಿಗೆ ‘ಫ್’ ಉಚ್ಚಾರಣೆ ಇರುವ ಮೂಲ ಶಬ್ದಗಳು ಏಳೇ ಏಳು. ರಫ್, ಟಫ್, ಇನಫ್, ಕಾಫ್, ಟ್ರಾಫ್, ನಗುವಿನ ಲಾಫ್, ಮತ್ತು ಗಾಳಿಯ ಸೆಳೆತವೆಂಬ ಅರ್ಥದ ಡ್ರಾಫ್ಟ್. ಇವುಗಳಿಂದ ಹುಟ್ಟಿದ ಲಾಫ್ಟರ್, ರಫ್ಲಿ ಮುಂತಾದವು ತಾಯಿಯ ದಾರಿಯನ್ನೇ ಹಿಡಿಯುತ್ತವೆ. ಹಾವಿನ ಪೊರೆಯೆಂಬ ಅರ್ಥದ ಸ್ಲಫ್‌ನಂಥ ಅಪರೂಪದವು ಇನ್ನೊಂದೆರಡು ಇವೆ, ಅವು ಪ್ರೌಢಶಾಲೆಯ ಮಟ್ಟಕ್ಕೆ ಬೇಡ. ಈ ಏಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿ, ಉಳಿದೆಡೆ ಶಬ್ದದ ನಡುವೆ ಅಥವಾ ಕೊನೆಯಲ್ಲಿ ಈ ಜೋಡಿ ಬಂದರೆ ಅದನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ ಎಂದು ಹೇಳಿಕೊಡಿ. ‘ದಫ್’, ‘ಥ್ರಫ್’ ಎಂಬ ಓದು ತಾನಾಗಿ ನಿಲ್ಲುತ್ತದೆ.

ಎರಡನೆಯದಾಗಿ, ಈ ನಾಲ್ಕು ಅಕ್ಷರಗಳಾದ ಕೂಡಲೇ ಟಿ ಬಂದರೆ ಸ್ವರ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಬಾಟ್, ಬ್ರಾಟ್, ಥಾಟ್, ಸಾಟ್, ಫಾಟ್ ಎಲ್ಲವೂ ಒಂದೇ ಪ್ರಾಸ. ಇವು ಕೊಳ್ಳು, ತರು, ಯೋಚಿಸು, ಅರಸು, ಕಾದಾಡು ಎಂಬ ಕ್ರಿಯಾಪದಗಳ ಭೂತಕಾಲದ ರೂಪಗಳಾದ್ದರಿಂದ ವ್ಯಾಕರಣದ ಪಾಠದಲ್ಲಿಯೇ ಒಟ್ಟಿಗೆ ಸೇರಿಸಿ ಕಲಿಸಬಹುದು. ಓ ಬದಲು ಎ ಬಂದ ಟಾಟ್, ಕಾಟ್ ಸಹ ಇದೇ ಪ್ರಾಸಕ್ಕೆ ಸೇರುತ್ತವೆ. ಹಿಡಿಯುವುದೆಂಬ ಅರ್ಥದ ಕ್ಯಾಚ್ ಫ್ರೆಂಚಿನ ಕಡೆಯಿಂದ ಬಂದದ್ದಾದರೂ ಈ ಗುಂಪಿನ ಮಾದರಿಯಲ್ಲೇ ಭೂತಕಾಲವನ್ನು ಪಡೆದುಕೊಂಡಿತು. ಗುಂಪಿಗೆ ಸೇರದ ಒಂದೇ ಒಂದು ಮುಖ್ಯ ಶಬ್ದವನ್ನು ಮುಂದಿನ ಪ್ರಶ್ನೆಯಲ್ಲಿ ನೋಡೋಣ.

ಪ್ರಶ್ನೆ: ಬರಗಾಲದ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆದಾಗ ಓ, ಯು ಇರಬೇಕಾದಲ್ಲಿ ಎ, ಯು ಹಾಕಿದ್ದೆ. ಉಪನ್ಯಾಸಕರು ಅರ್ಥವೇ ಬೇರೆಯಾಯಿತು ಎಂದರು. ಎರಡರ ವ್ಯತ್ಯಾಸ ತಿಳಿಸಿ. (ಪಿಯುಸಿ ವಿದ್ಯಾರ್ಥಿ, ಅರಸೀಕೆರೆ)

ಉತ್ತರ: ಬರ ಎಂಬ ಅರ್ಥದ ಶಬ್ದದಲ್ಲಿ ಓ, ಯು ಇವೆ, ಅದರ ಉಚ್ಚಾರಣೆ ‘ಡ್ರೌಟ್’. ಬಾಟ್, ಥಾಟ್‌ಗಳ ಪ್ರಾಸಕ್ಕೆ ಹೊರತಾದ ಶಬ್ದ ಇದೇ. ಇದು ಒಣಗಿದ್ದು ಎಂಬ ಅರ್ಥದ ‘ಡ್ರೈ’ ಶಬ್ದದ ಕುಟುಂಬಕ್ಕೆ ಸೇರಿದೆ. ಎ, ಯು ಹಾಕಿದರೆ ‘ಡ್ರಾಫ್ಟ್’ ಆಗುತ್ತದೆ. ಅದು ಎಳೆಯುವುದು ಎಂಬ ಅರ್ಥದ ‘ಡ್ರಾ’ ಶಬ್ದದ ಸಂಬಂಧಿ: ಕಿಟಕಿಯ ಸಂದಿಯಿಂದ ಬರುವ ಗಾಳಿಯ ಸೆಳೆತ, ಒಂದು ಗುಟುಕು ನೀರು, ಹೊರೆ ಎಳೆಯುವ ಎತ್ತು ಅಥವಾ ಕುದುರೆ, ಇವೆಲ್ಲಕ್ಕೂ ಅದು ಬಳಕೆಯಾಗುತ್ತದೆ. ಅರ್ಜಿಯ ಕರಡು ಮತ್ತು ಬ್ಯಾಂಕಿನ ಡಿ.ಡಿ.ಯಲ್ಲಿ ಬರುವ ಡ್ರಾಫ್ಟ್ ಮೂಲದಲ್ಲಿ ಇದೇ ಶಬ್ದ. ಅದನ್ನು ಉಚ್ಚಾರಣೆಗೆ ಸರಿಯಾಗಿ ಎಫ್ ಹಾಕಿ ಬರೆಯುವ ರೂಢಿ ನೆಲೆಗೊಂಡಿದೆ. ಬಯಲುಸೀಮೆಯ ನಿಮಗೆ ಮೊದಲನೆಯ ಶಬ್ದ ಪ್ರಬಂಧದಲ್ಲಿ ಪದೇಪದೇ ಬೇಕಾಗುವುದರಿಂದ ಅದನ್ನು ‘ಡ್ರೈ’ ಜೊತೆಗೆ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಕನ್ನಡದಲ್ಲಿ ಆಡಿದಂತೆ ಬರೆಯುತ್ತೇವೆ. ಆಡದ ಅಕ್ಷರವನ್ನು ಐದು ಶತಮಾನಗಳಿಂದ ಹೊತ್ತುಕೊಂಡು ಬಂದಿರುವ ಇಂಗ್ಲಿಷರು ಅದನ್ನು ಬಿಟ್ಟುಬಿಡಬಾರದೇಕೆ? (ನಿವೃತ್ತ ನೌಕರರು, ಬೇಲೂರು)

ಉತ್ತರ: ನಿಮ್ಮ ತಾಲ್ಲೂಕಿನಲ್ಲಿಯೇ ಈ ಪ್ರಶ್ನೆಗೆ ಬೆಳಕು ಕೊಡುವ ಒಂದು ಕಲ್ಲು ಸಿಕ್ಕಿದೆ. ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಹೇಳಲಾಗುವ, 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’ ಎಂದಿದೆ, ಜೊತೆಗೆ ದಾನವಾಗಿ ಕೊಟ್ಟ ಇನ್ನೊಂದು ಊರು ‘ಮೂೞಿವಳ್ಳಿ’. ಈ ಎರಡು ಹೆಸರುಗಳಲ್ಲಿ ಕನ್ನಡದ ಎರಡು ದೊಡ್ಡ ಧ್ವನಿ ಬದಲಾವಣೆಗಳು ಕಾಣುತ್ತವೆ. ಪಕಾರ ಹಕಾರವಾದಾಗ ನಮ್ಮವರು ಬರಹವನ್ನೂ ಬದಲಿಸಿದರು: ಪಾಲು ಹಾಲಾಯಿತು, ಪಲ್ಮಡಿ ಹಲ್ಮಿಡಿಯಾಯಿತು. ೞ ಎಂಬ ಧ್ವನಿ ನಾಲಗೆಯಿಂದ ಮರೆಯಾದಾಗ ಅಕ್ಷರವೂ ಕ್ರಮೇಣ ವರ್ಣಮಾಲೆಯಿಂದ ಹೊರಗೆ ಹೋಯಿತು: ಬಾೞೆ ಬಾಳೆಯಾಯಿತು, ಏೞ್ ಏಳಾಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟದ್ದು, ಆ ಹೊತ್ತಿಗಾಗಲೇ ಎಲ್ಲಿ ೞ ಎಲ್ಲಿ ಳ ಎಂಬುದು ಕಿವಿಗೆ ತಿಳಿಯದಂತಾಗಿತ್ತು ಎಂಬುದಕ್ಕೆ ಸಾಕ್ಷಿ. ‘ಪೊೞ್ತು’ ಎಂಬ ಶಬ್ದ ಇವತ್ತು ‘ಹೊತ್ತು’ ಆಗಿದೆ. ನಾವೂ ಇಂಗ್ಲಿಷರ ದಾರಿ ಹಿಡಿದಿದ್ದರೆ ಪೊೞ್ತು ಎಂದು ಬರೆದು ಹೊತ್ತು ಎಂದು ಓದಬೇಕಾಗುತ್ತಿತ್ತು. ‘ಥಾಟ್’ ಶಬ್ದದಲ್ಲಿ ಟಕಾರದ ಹಿಂದೆ ಅಡಗಿರುವ ಜಿ, ಎಚ್ ಅಕ್ಷರಗಳ ಸ್ಥಿತಿ ಸರಿಯಾಗಿ ಇದೇ.

ಅವರು ಬಿಡಲು ಯತ್ನಿಸಲೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 1906ರಲ್ಲಿ ಸರಕಾರದ ಮುದ್ರಣದಲ್ಲಿ 300 ಶಬ್ದಗಳಿಗೆ ಸರಳ ಬರಹವನ್ನು ಬಳಸಬೇಕೆಂದು ಆದೇಶಿಸಿದರು; ದೋ, ಥ್ರೂ ಶಬ್ದಗಳಿಂದ ಜಿ, ಎಚ್ ತೆಗೆದ ರೂಪಗಳು ಆ ಪಟ್ಟಿಯಲ್ಲಿದ್ದವು. ಅಲ್ಲಿನ ಸಂಸತ್ತು ಅದಕ್ಕೆ ಒಪ್ಪಲಿಲ್ಲ. ಷಿಕಾಗೋದ ‘ಟ್ರಿಬ್ಯೂನ್’ ಪತ್ರಿಕೆ 1934ರಿಂದ ಇಂಥ ರೂಪಗಳನ್ನು ದಶಕಗಳ ಕಾಲ ಬಳಸಿ ಕೊನೆಗೆ 1975ರಲ್ಲಿ ಕೈಬಿಟ್ಟಿತು. ಅಚ್ಚಾದ ಪುಸ್ತಕಗಳ ರಾಶಿ ಒಂದು ಕಡೆ, ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆಯಾಗಿ ಆಡುವ ಜನ ಇನ್ನೊಂದು ಕಡೆ. ಯಾರ ಉಚ್ಚಾರಣೆಯನ್ನು ಅನುಸರಿಸಿ ಬರೆಯುವುದು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಸಿಕ್ಕದ ಕಾರಣ ಹಳೆಯ ಬರಹವೇ ಉಳಿದಿದೆ. ಅದರಿಂದ ಕಲಿಯುವವರಿಗೆ ಕಷ್ಟವಾಗಿದೆ, ನಿಜ. ಆದರೆ ಶಬ್ದದ ಮೂಲವನ್ನು ಹುಡುಕುವವರಿಗೆ ಆ ಮೌನಾಕ್ಷರಗಳಿಂದ ಎಷ್ಟು ಲಾಭವಿದೆ ಎಂಬುದು ಮುಂದಿನ ಪತ್ರದಿಂದ ತಿಳಿಯುತ್ತದೆ.

ಪ್ರಶ್ನೆ: ನೈಟ್, ಡಾಟರ್, ಏಟ್ ಮುಂತಾದ ಇಂಗ್ಲಿಷ್ ಶಬ್ದಗಳಿಗೂ ಸಂಸ್ಕೃತಕ್ಕೂ ಸಂಬಂಧವಿದೆಯೆಂದು ಒಬ್ಬರು ಹೇಳಿದರು. ಇದು ನಿಜವೇ, ಅಥವಾ ಕೇವಲ ಧ್ವನಿಸಾಮ್ಯವೇ? (ಓದುಗರು, ಮೂಡಿಗೆರೆ)

ಉತ್ತರ: ನಿಜ. ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿತು ಎಂದು ಇದರ ಅರ್ಥವಲ್ಲ. ಎರಡೂ ಒಂದೇ ಪ್ರಾಚೀನ ಭಾಷಾ ಕುಟುಂಬದ ಬೇರೆ ಬೇರೆ ಕವಲುಗಳು. ಇಲ್ಲಿ ಸಂಬಂಧವನ್ನು ತೋರಿಸಿಕೊಡುವುದು ನಾವು ಓದದೆ ಬಿಡುವ ಆ ಜಿ, ಎಚ್ ಜೋಡಿಯೇ. ರಾತ್ರಿಯೆಂಬ ಅರ್ಥದ ನೈಟ್ ಜರ್ಮನ್ನಿನಲ್ಲಿ ‘ನಾಖ್ಟ್’, ಸಂಸ್ಕೃತದಲ್ಲಿ ‘ನಕ್ತಮ್’. ‘ನಕ್ತಂಚರ’ ಎಂಬ ಶಬ್ದವನ್ನು ನಮ್ಮ ಕಾವ್ಯಗಳ ಓದುಗರೆಲ್ಲ ಬಲ್ಲರು. ಕೇವಲ ‘ನೈಟ್’ ಎಂಬ ಉಚ್ಚಾರಣೆಯನ್ನಿಟ್ಟುಕೊಂಡು ‘ನಕ್ತ’ದ ಬಳಿಗೆ ಹೋಗಲಾಗದು, ಕಕಾರದ ಸ್ಥಾನದಲ್ಲಿ ಏನೋ ಇತ್ತೆಂದು ಬರಹ ನೆನಪಿಸುತ್ತದೆ. ಎಂಟು ಎಂಬುದಕ್ಕೆ ಏಟ್, ಆಖ್ಟ್, ಅಷ್ಟ. ಮಗಳಿಗೆ ಡಾಟರ್, ಟಾಖ್ಟರ್, ದುಹಿತೃ. ‘ದುಹಿತೃ’ವಿನ ಹಕಾರ ಇರುವಲ್ಲಿಯೇ ಇಂಗ್ಲಿಷಿನ ಜಿ, ಎಚ್ ಕುಳಿತಿವೆ.

ಇದಕ್ಕಿಂತ ಸೊಗಸಾದದ್ದು ಹಗುರ ಎಂಬ ಅರ್ಥದ ‘ಲೈಟ್’. ಅದು ‘ಲಘು’ ಶಬ್ದದ ಸಂಬಂಧಿ, ಘಕಾರಕ್ಕೆ ಎದುರಾಗಿ ಜಿ, ಎಚ್. ಬೆಳಕು ಎಂಬ ಅರ್ಥದ ‘ಲೈಟ್’ ಬರಹದಲ್ಲಿ ಒಂದೇ ಆದರೂ ಬೇರೆ ಮೂಲದ್ದು. ಹೊಳೆಯುವುದು ಎಂಬ ಅರ್ಥದ ‘ರುಚ್’ ಧಾತುವಿನ ಕಡೆಗೆ ಅದರ ನಂಟು.

ಒಂದು ಎಚ್ಚರಿಕೆಯೂ ಅಗತ್ಯ. ಐ, ಜಿ, ಎಚ್, ಟಿ ಇರುವ ಶಬ್ದಗಳೆಲ್ಲ ಹೀಗೆ ಪುರಾತನವಲ್ಲ. ಸಂತೋಷವೆಂಬ ಅರ್ಥದ ‘ಡಿಲೈಟ್’ ಫ್ರೆಂಚಿನಿಂದ ಬಂದದ್ದು, ಅದರಲ್ಲಿ ಜಿ, ಎಚ್ ಇರಲೇ ಇಲ್ಲ. ‘ಲೈಟ್’ ನೋಡಿ ಹದಿನಾರನೆಯ ಶತಮಾನದಲ್ಲಿ ಅದಕ್ಕೂ ಸೇರಿಸಿದರು. ಗರ್ವದಿಂದ ಕೂಡಿದ ಎಂಬ ಅರ್ಥದ ‘ಹಾಟಿ’ಯಲ್ಲಿಯೂ ಹಾಗೆಯೇ ಹೊರಗಿನಿಂದ ಸೇರಿದೆ.

ಪ್ರಶ್ನೆ: ಕಾಫಿ ಲಾರಿಗಳನ್ನು ತೂಗುವ ಕಡೆ ‘ವೇಬ್ರಿಡ್ಜ್’ ಎಂದು ಬರೆದಿರುತ್ತಾರೆ. ವೇ ಎಂದರೆ ದಾರಿ ಎಂದೇ ಬಹುಕಾಲ ತಿಳಿದಿದ್ದೆ. ಅಲ್ಲದೆ ವೇಟ್, ಹೈಟ್ ಎರಡರಲ್ಲೂ ಇ, ಐ, ಜಿ, ಎಚ್ ಇದ್ದರೂ ಉಚ್ಚಾರಣೆ ಬೇರೆ ಏಕೆ? ಮಳೆಗಾಲದಲ್ಲಿ ಹವಾಮಾನ ವರದಿಯವರು ಹೇಳುವ ‘ಟ್ರಫ್’ ಕೂಡ ಇದೇ ಜಾತಿಯದೇ? (ಕಾಫಿ ಬೆಳೆಗಾರರು, ಚಿಕ್ಕಮಗಳೂರು)

ಉತ್ತರ: ವೇಬ್ರಿಡ್ಜ್‌ನ ‘ವೇ’ ತೂಗುವುದು ಎಂಬ ಅರ್ಥದ್ದು. ಕುತೂಹಲದ ಸಂಗತಿಯೆಂದರೆ, ಮೂಲದಲ್ಲಿ ಅದರ ಅರ್ಥ ಹೊರುವುದು, ಸಾಗಿಸುವುದು. ದಾರಿಯೆಂಬ ‘ವೇ’ ಕೂಡ ಅದೇ ಬೇರಿನದು. ಹೀಗಾಗಿ ನೀವು ತಿಳಿದದ್ದಕ್ಕೂ ಚಾರಿತ್ರಿಕವಾಗಿ ಒಂದು ಆಧಾರವಿದೆ. ಸಂಸ್ಕೃತದ ‘ವಹ್’ ಧಾತು ಇದರ ಸಂಬಂಧಿ. ವಹಿಸು, ವಾಹನ ಶಬ್ದಗಳು ಅಲ್ಲಿಂದ ಬಂದವು. ವೇಬ್ರಿಡ್ಜ್ ಮತ್ತು ಅದರ ಮೇಲೆ ನಿಲ್ಲುವ ವಾಹನ ಒಂದೇ ಮೂಲದ ಹೆಸರುಗಳನ್ನು ಹೊತ್ತಿವೆ.

ಇ, ಐ, ಜಿ, ಎಚ್ ಬಂದಾಗ ಸಾಮಾನ್ಯವಾಗಿ ಏಕಾರ: ವೇಟ್, ಏಟ್, ಸಾಗಣೆ ಬಾಡಿಗೆಯ ಫ್ರೇಟ್, ನೆರೆಯವರ ನೇಬರ್. ಹೈಟ್ ಅಪವಾದ. ಅದು ‘ಹೈ’ ಶಬ್ದದಿಂದ ಹುಟ್ಟಿದ್ದರಿಂದ ತಾಯಿಯ ಐಕಾರವನ್ನು ಉಳಿಸಿಕೊಂಡಿದೆ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಹವಾಮಾನ ವರದಿಯ ಶಬ್ದದ ಸರಿಯಾದ ಉಚ್ಚಾರಣೆ ‘ಟ್ರಾಫ್’, ಕಾಫ್ ಜೊತೆ ಪ್ರಾಸ. ಮುಂಗಾರಿನಲ್ಲಿ ಕರಾವಳಿಗೆ ಸಮಾನಾಂತರವಾಗಿ ಉದ್ದಕ್ಕೆ ಚಾಚಿಕೊಳ್ಳುವ ಕಡಿಮೆ ಒತ್ತಡದ ತಗ್ಗನ್ನು, ಉದ್ದನೆಯ ತೊಟ್ಟಿಯ ಆಕಾರದ ಹೋಲಿಕೆಯಿಂದ ಹಾಗೆ ಕರೆಯುತ್ತಾರೆ.

ಪ್ರಶ್ನೆ: ಘೋಸ್ಟ್ ಶಬ್ದದಲ್ಲಿ ಎಚ್ ಏಕಿದೆ? ಘೀ, ಘಾಟ್‌ಗಳಲ್ಲಿ ಇರುವುದೂ ಅದೇ ಎಚ್ ತಾನೇ? (ಓದುಗರು, ಕಡೂರು)

ಉತ್ತರ: ಬರಹ ಒಂದೇ, ಕಾರಣ ಬೇರೆ. ಘೀ ಮತ್ತು ಘಾಟ್ ನಮ್ಮ ದೇಶದ ಶಬ್ದಗಳು. ‘ಘೃತ’ದಿಂದ ಬಂದ ಹಿಂದಿಯ ‘ಘೀ’ಯನ್ನೂ, ಚಾರ್ಮಾಡಿ, ಶಿರಾಡಿಗಳ ಹೆಸರಿನೊಂದಿಗೆ ನಾವು ದಿನವೂ ಆಡುವ ‘ಘಾಟ್’ ಅನ್ನೂ ಬರೆಯುವಾಗ ಮಹಾಪ್ರಾಣವನ್ನು ಸೂಚಿಸಲು ಇಂಗ್ಲಿಷರು ಎಚ್ ಹಾಕಿದರು, ಆದರೆ ಉಚ್ಚರಿಸುವಾಗ ಬರಿಯ ಗಕಾರವನ್ನೇ ಆಡುತ್ತಾರೆ. ಇಟಲಿಯಿಂದ ಬಂದ ‘ಸ್ಪಗೆಟಿ’ಯಲ್ಲಿ ಎಚ್ ಇರುವುದು, ಮುಂದೆ ಇ ಬಂದರೂ ಜಿಯನ್ನು ಜಕಾರವಾಗಿ ಓದಬಾರದೆಂದು ತಿಳಿಸಲು.

ದೆವ್ವದ ಶಬ್ದದ ಕಥೆ ಇವೆರಡಕ್ಕಿಂತ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎಚ್ ಇರಲಿಲ್ಲ. ಕ್ಯಾಕ್ಸ್ಟನ್ ತನ್ನ ಬದುಕಿನ ಬಹುಭಾಗವನ್ನು ಇಂದಿನ ಬೆಲ್ಜಿಯಂನಲ್ಲಿರುವ ಬ್ರೂಜ್ ಮತ್ತು ಸುತ್ತಲಿನ ಫ್ಲೆಮಿಶ್ ನಾಡಿನಲ್ಲಿ ಕಳೆದವನು. ಅಲ್ಲಿನ ಭಾಷೆಯಲ್ಲಿ ಈ ಶಬ್ದವನ್ನು ಜಿ, ಎಚ್ ಹಾಕಿಯೇ ಬರೆಯುತ್ತಿದ್ದರು. ಅವನ ಮುದ್ರಣಾಲಯದ ಪುಸ್ತಕಗಳ ಮೂಲಕ ಆ ರೂಢಿ ಇಂಗ್ಲಿಷಿಗೂ ಬಂತು ಎಂದು ವಿದ್ವಾಂಸರು ವಿವರಿಸುತ್ತಾರೆ. ಓದುವ ದೃಷ್ಟಿಯಿಂದ ನಿಯಮ ಸುಲಭ: ಶಬ್ದದ ಆರಂಭದಲ್ಲಿ ಈ ಜೋಡಿ ಬಂದರೆ ಯಾವಾಗಲೂ ಗಕಾರ, ಅಪವಾದವಿಲ್ಲ.

ಪ್ರಶ್ನೆ: ಜಿ, ಎಚ್, ಓ, ಟಿ, ಐ ಎಂದು ಬರೆದು ‘ಫಿಶ್’ ಎಂದು ಓದಬಹುದೆಂದು ಬರ್ನಾರ್ಡ್ ಷಾ ಹೇಳಿದ್ದರಂತೆ. ಹೌದೇ? (ಪದವಿ ವಿದ್ಯಾರ್ಥಿನಿ, ಸಕಲೇಶಪುರ)

ಉತ್ತರ: ಇನಫ್‌ನ ಫಕಾರ, ‘ವಿಮೆನ್’ ಶಬ್ದದಲ್ಲಿ ಓ ಪಡೆಯುವ ಇಕಾರ, ‘ನೇಷನ್’ ಶಬ್ದದಲ್ಲಿ ಟಿ, ಐ ಪಡೆಯುವ ಶಕಾರ, ಇವನ್ನು ಕೂಡಿಸಿದ ಚಮತ್ಕಾರ ಅದು. ಷಾ ಅವರು ಇಂಗ್ಲಿಷ್ ಬರಹದ ಸುಧಾರಣೆಗಾಗಿ ಜೀವನವಿಡೀ ವಾದಿಸಿದರಾದ್ದರಿಂದ ಅದು ಅವರ ಹೆಸರಿಗೆ ಅಂಟಿಕೊಂಡಿದೆ. ಆದರೆ ಚಾರ್ಲ್ಸ್ ಆಲಿಯರ್ ಎಂಬ ಪ್ರಕಾಶಕರು 1855ರಲ್ಲಿ ಬರೆದ ಒಂದು ಪತ್ರದಲ್ಲಿ ಇದು ಆಗಲೇ ಕಾಣಿಸಿಕೊಳ್ಳುತ್ತದೆ, ಷಾ ಹುಟ್ಟಿದ್ದು 1856ರಲ್ಲಿ. ಚಮತ್ಕಾರವಾಗಿ ಇದು ಚೆನ್ನಾಗಿದ್ದರೂ ಇಂಗ್ಲಿಷಿಗೆ ನಿಯಮವೇ ಇಲ್ಲ ಎಂಬುದಕ್ಕೆ ಪುರಾವೆಯಾಗಲಾರದು. ಶಬ್ದದ ಮೊದಲಲ್ಲಿ ಜಿ, ಎಚ್ ಎಂದೂ ಫಕಾರವಾಗುವುದಿಲ್ಲ, ಶಬ್ದದ ತುದಿಯಲ್ಲಿ ಟಿ, ಐ ಎಂದೂ ಶಕಾರವಾಗುವುದಿಲ್ಲ. ಇಂಗ್ಲಿಷ್ ಓದಬಲ್ಲ ಯಾರೂ ಆ ಐದು ಅಕ್ಷರಗಳನ್ನು ‘ಗೋಟಿ’ ಎಂದೇ ಓದುತ್ತಾರೆ. ಅಕ್ಷರಗಳು ಶಬ್ದದಲ್ಲಿ ಎಲ್ಲಿವೆ ಎಂಬುದರ ಮೇಲೆ ಉಚ್ಚಾರಣೆ ನಿಂತಿದೆ ಎಂಬುದನ್ನೇ ಇದು ತೋರಿಸಿಕೊಡುತ್ತದೆ.

ಪ್ರಶ್ನೆ: ನನ್ನ ಮಗ ಉಕ್ತಲೇಖನದಲ್ಲಿ ‘ಥ್ರೂ’ ಮತ್ತು ‘ಥರ’ ಶಬ್ದಗಳನ್ನು ಅದಲುಬದಲು ಮಾಡುತ್ತಾನೆ. ತಪ್ಪಿದ ಶಬ್ದವನ್ನು ಐವತ್ತು ಸಲ ಬರೆಸಬೇಕೇ? (ತಾಯಿ, ತರೀಕೆರೆ)

ಉತ್ತರ: ದಯವಿಟ್ಟು ಹಾಗೆ ಬರೆಸಬೇಡಿ. ಅರ್ಥ ತಿಳಿಯದೆ ಬರೆದದ್ದು ಕೈಗೆ ಮಾತ್ರ ಕೆಲಸ. ಈ ಎರಡು ಶಬ್ದಗಳು ಅದಲುಬದಲಾಗುವುದಕ್ಕೆ ಕಾರಣವಿದೆ: ಮೂಲದಲ್ಲಿ ಎರಡೂ ಒಂದೇ ಶಬ್ದ. ‘ಮೂಲಕ’ ಎಂಬುದನ್ನು ಒತ್ತಿ, ಎಳೆದು ಆಡಿದಾಗ ನಡುವೆ ಒಂದು ಸ್ವರ ಹೆಚ್ಚಾಗಿ ‘ಥರ’ ಹುಟ್ಟಿತು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹಾಯ್ದುಹೋಗುವಂಥದ್ದು, ಅಂದರೆ ಕೂಲಂಕಷವಾದದ್ದು, ಎಂಬ ಅರ್ಥ ಅದಕ್ಕೆ ಬಂತು. ಮಗನಿಗೆ ಇದನ್ನು ಹೇಳಿ, ‘ಥರ’ದಲ್ಲಿ ಎರಡು ಉಚ್ಚಾರಾಂಶಗಳಿರುವುದರಿಂದ ಓ ಕೂಡ ಎರಡು ಸಲ ಬರುತ್ತದೆ ಎಂದು ತೋರಿಸಿ. ‘ಥ್ರೂ’ದಲ್ಲಿ ಉಚ್ಚಾರಾಂಶ ಒಂದು, ಓ ಒಂದು. ಪ್ರತಿಯೊಂದಕ್ಕೂ ಅವನದೇ ಊರಿನ ಒಂದು ವಾಕ್ಯವನ್ನು ಅವನಿಂದಲೇ ಬರೆಸಿ, ಉದಾಹರಣೆಗೆ ರೈಲು ತರೀಕೆರೆಯ ಮೂಲಕ ಹೋಗುತ್ತದೆ ಎಂಬಂಥದ್ದು. ಮರುದಿನ ಪುಸ್ತಕ ನೋಡದೆ ಆ ಎರಡು ವಾಕ್ಯಗಳನ್ನು ಹೇಳಿಸಿ ಬರೆಸಿದರೆ ಸಾಕು.

ಪ್ರಶ್ನೆ: ನೇಗಿಲಿನ ಇಂಗ್ಲಿಷ್ ಶಬ್ದವನ್ನು ಪಠ್ಯದಲ್ಲಿರುವಂತೆ ಟೈಪ್ ಮಾಡಿದರೆ ಕಂಪ್ಯೂಟರ್ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಪಠ್ಯವೇ ತಪ್ಪೇ? (ಕೃಷಿ ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ಪಠ್ಯ ಸರಿಯಾಗಿದೆ. ನಿಮ್ಮ ಕಂಪ್ಯೂಟರಿನಲ್ಲಿ ಅಮೆರಿಕದ ಇಂಗ್ಲಿಷ್ ಆಯ್ಕೆಯಾಗಿರುತ್ತದೆ. ಅಲ್ಲಿ ಈ ಶಬ್ದವನ್ನು ಜಿ, ಎಚ್ ಇಲ್ಲದೆ, ಕೊನೆಯಲ್ಲಿ ಓ, ಡಬ್ಲ್ಯು ಹಾಕಿ ಬರೆಯುತ್ತಾರೆ. ನೋವಾ ವೆಬ್‌ಸ್ಟರ್ 1828ರಲ್ಲಿ ಪ್ರಕಟಿಸಿದ ನಿಘಂಟು ಇಂಥ ಸರಳ ರೂಪಗಳು ಅಲ್ಲಿ ಬೇರೂರಲು ನೆರವಾಯಿತು. ಭಾಷೆಯ ಆಯ್ಕೆಯನ್ನು ಭಾರತದ ಅಥವಾ ಬ್ರಿಟನ್ನಿನ ಇಂಗ್ಲಿಷಿಗೆ ಬದಲಿಸಿದರೆ ಕೆಂಪು ಗೆರೆ ಹೋಗುತ್ತದೆ. ಪ್ರಬಂಧದುದ್ದಕ್ಕೂ ಒಂದೇ ಪದ್ಧತಿಯನ್ನು ಅನುಸರಿಸಿ, ಮತ್ತು ಬರವೆಂಬ ಅರ್ಥದ ‘ಡ್ರೌಟ್’ ಮಾತ್ರ ಎರಡೂ ಕಡೆ ಜಿ, ಎಚ್ ಸಹಿತವಾಗಿಯೇ ಇರುತ್ತದೆ ಎಂಬುದನ್ನು ಗಮನದಲ್ಲಿಡಿ.